ಮರಳುಗುಡ್ಡದಲ್ಲಿ ದೊರೆತ ಗುರುಪಟ್ಟ

ಈ ಊರಿನಲ್ಲಿ ಇಂದು ವಾಹನ ಓಡಿಸುತ್ತಿರುವವರ ಪೈಕಿ ಅರ್ಧದಷ್ಟು ಮಂದಿಗೆ ಪರವಾನಗಿ ಕೊಟ್ಟವನು ನಾನು. ಉಳಿದವರನ್ನು ಕನಿಷ್ಠ ಒಮ್ಮೆ ಪರವಾನಗಿ ಕೊಡದೆ ಹಿಂದಕ್ಕೆ ಕಳುಹಿಸಿದವನೂ ನಾನೇ. ಮೋಟಾರು ವಾಹನ ಇಲಾಖೆಯ ನಿವೃತ್ತ ನಿರೀಕ್ಷಕನಾದ ನನಗೆ ಸ್ಟೀರಿಂಗ್ ಹಿಡಿಯುವುದನ್ನು ಹೇಳಿಕೊಡಬಲ್ಲವರು ಈ ಭೂಮಂಡಲದಲ್ಲಿ ಹುಟ್ಟಿಲ್ಲವೆಂದೇ ನಂಬಿದ್ದೆ. ಆದಕಾರಣ, ಬೆಟ್ಟಸಾಲು ದಾಟಿ ಮರುಭೂಮಿಯ ಮರಳುಗುಡ್ಡಗಳನ್ನು ನೋಡಿಬರಲು ಹೆಂಡತಿಯೊಡನೆ ಹೊರಟ ದಿನ ಬಾಗಿಲಲ್ಲೇ ಘೋಷಿಸಿದೆ:

"ಹೋಗುವಾಗಲೂ ಬರುವಾಗಲೂ ಸ್ಟೀರಿಂಗ್ ನನ್ನ ಕೈಯಲ್ಲಿ!"

"ನನಗೂ ಓಡಿಸೋಕೆ ಬರುತ್ತೆ ರೀ."

"ಬರೋದು ಬೇರೆ, ನಿಯಮದ ಪ್ರಕಾರ ಬರೋದು ಬೇರೆ."

"ಸರಿ. ನಿಮ್ಮ ನಿಯಮ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ?"

"ನನ್ನ ಕೈಯಲ್ಲಿ ಗಾಡಿ ಸಿಕ್ಕಿಹಾಕ್ಕೊಂಡ್ರೆ ಆ ಕ್ಷಣದಿಂದ ಕೀ ನಿಂದು!"

ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ, ಪೂರ್ಣ ವಿವೇಚನೆಯಿಂದ ಆಡಿದ್ದು ಎಂಬುದನ್ನು ಓದುಗರು ಗಮನಿಸಬೇಕು. ನನ್ನ ಸಂಕಟವೂ ಅದೇ.

ಬೆಟ್ಟದ ದಾರಿಯಲ್ಲಿ ಪ್ರತಿ ತಿರುವಿಗೂ ಗೇರು ಇಳಿಸಿ, ಹಾರನ್ ಮಾಡಿ, ನಿಯಮಾವಳಿಯೇ ಮನುಷ್ಯರೂಪ ತಾಳಿ ಬಂದಂತೆ ಓಡಿಸಿದೆ. ನಮ್ಮ ಹಿಂದೆ ದೊಡ್ಡದೊಂದು ಮೆರವಣಿಗೆಯೇ ಸೇರಿತು.

"ರೀ, ಒಂಚೂರು ಬದಿಗೆ ಬಿಡಿ. ಪಾಪ, ಹಿಂದಿನ ಬಸ್ಸಿನೋರು ಇಳಿದು ನಡಕೊಂಡು ನಮ್ಮನ್ನ ದಾಟ್ತಿದಾರೆ."

"ಇಷ್ಟೇ ವೇಗ ಅಂತ ಫಲಕ ಹಾಕಿದಾರೆ, ಕಣ್ಣು ಕಾಣ್ಸಲ್ವಾ?"

"ಅದು ರೋಡ್‌ರೋಲರ್‌ಗೆ ಹಾಕಿರೋದು!"

ಈ ಅಪಮಾನವನ್ನು ನುಂಗಿಕೊಂಡು ಮರುಭೂಮಿಯ ಅಂಚಿಗೆ ಬಂದೆ. ಅಲ್ಲಿ ನಾನು ಮುಖ ತೊಳೆದು ಬರುವಷ್ಟರಲ್ಲಿ ಇವಳು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೇಳಿದರೆ, "ಚಪ್ಪಲಿಗೆ ಮರಳು ಹೋಗಿದೆ" ಎಂದಳು. ಮುಂದೆ ಗಾಡಿ ಮರಳಿನ ಮೇಲೆ ಬೆಣ್ಣೆಯಲ್ಲಿ ಚಾಕು ಜಾರಿದಂತೆ ಜಾರಿತು! ಮೊದಲ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ, "ನೋಡಿದೆಯಾ ಕೈಚಳಕ?" ಎಂದು ಕೆಳಗಿಳಿದೆ. ಎಲ್ಲಿ ನಿಲ್ಲಿಸಿದರೂ ಟೈರಿಗೆ ಮೀಟರು ಹಿಡಿದು ಗಾಳಿ ನೋಡುವುದು ನನ್ನ ಪದ್ಧತಿ. ನೋಡಿದರೆ, ನಾಲ್ಕರಲ್ಲೂ ಗಾಳಿ ಅರ್ಧಕ್ಕರ್ಧ ಇಲ್ಲ!

"ಕಳ್ಳತನ! ಹಗಲು ದರೋಡೆ!"

"ಕೂಗಬೇಡಿ, ನಾನೇ ಬಿಟ್ಟಿದ್ದು. ಟೈರು ಮೆತ್ತಗಾದ್ರೆ ಅಗಲ ಆಗುತ್ತೆ, ಮರಳಲ್ಲಿ ಹೂತುಕೊಳ್ಳಲ್ಲ. ಇಲ್ಲಿಗೆ ಬರೋರೆಲ್ಲ ಹಾಗೇ ಮಾಡೋದು."

"ಗಾಳಿ ಎಷ್ಟಿರಬೇಕು ಅಂತ ಕಂಪನಿಯವರು ಬಾಗಿಲಲ್ಲಿ ಚೀಟಿ ಅಂಟಿಸಿರೋದು ಅಂದಕ್ಕಾ? ಮೂವತ್ತಮೂರು ಅಂದ್ರೆ ಮೂವತ್ತಮೂರು!"

"ಚೀಟಿ ಅಂಟಿಸಿದೋನು ಮರಳು ನೋಡಿದ್ನಾ?"

ಕಾಲಿನಿಂದ ಒತ್ತುವ ಪಂಪನ್ನು ಹೊರತೆಗೆದು, ನೆತ್ತಿ ಸುಡುವ ಬಿಸಿಲಿನಲ್ಲಿ ನಾಲ್ಕು ಚಕ್ರಕ್ಕೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿಲ್ಲದೆ ಗಾಳಿ ತುಂಬಿದೆ. ಇವಳು ಕೊಡೆ ಹಿಡಿದು ಕಿತ್ತಳೆ ಸುಲಿಯುತ್ತಾ, "ಇನ್ನೊಂಚೂರು ಒತ್ತಿ, ಹಾರಿಕೊಂಡೇ ಹೋಗೋಣ" ಎಂದಳು.

ಗಾಡಿ ಹಾರಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಕೆಳಕ್ಕೆ ಹೋಯಿತು! ನಾನು ಆಕ್ಸಿಲರೇಟರ್ ಒತ್ತಿದಷ್ಟೂ ವಿಧೇಯತೆಯಿಂದ ಇನ್ನೂ ಕೆಳಕ್ಕೆ ಹೋಯಿತು. ಇವಳು ಅಂಗೈ ಚಾಚಿದಳು. ಕೊಟ್ಟ ಮಾತು ಕೊಟ್ಟ ಮಾತೇ, ಕೀ ಇಟ್ಟೆ.

ಹೇರ್‌ಪಿನ್ನಿನಿಂದ ಅವಳು ಮತ್ತೆ ಗಾಳಿ ಬಿಟ್ಟಳು, ಚಕ್ರದ ಸುತ್ತ ಮರಳು ತೋಡಿದಳು, ನನ್ನನ್ನು ಹಿಂದೆ ತಳ್ಳಲು ನಿಲ್ಲಿಸಿದಳು. ತಳ್ಳಿದೆ. ಗಾಡಿ ಚಿಮ್ಮಿತು, ಅದು ಎಬ್ಬಿಸಿದ ಮರಳೆಲ್ಲ ನನ್ನ ಬಾಯಲ್ಲಿತ್ತು!

"ನಿಲ್ಸೇ!"

"ನಿಲ್ಸಿದ್ರೆ ಮತ್ತೆ ಹೂತುಹೋಗುತ್ತೆ! ಗಟ್ಟಿ ನೆಲದಲ್ಲಿ ಕಾಯ್ತೀನಿ, ನಡಕೊಂಡು ಬನ್ನಿ!"

ಇಷ್ಟನ್ನು ಹೇಳಲು ನನ್ನ ಸುತ್ತ ಒಂದು ಪೂರ್ಣ ಪ್ರದಕ್ಷಿಣೆ ಹಾಕಿದಳು. ನಾನು ನಡುವೆ ನಿಂತು ಎರಡೂ ಕೈ ಬೀಸಿ ಗದರುತ್ತಿದ್ದೆ. ಪಕ್ಕದ ಇಳಿಜಾರಿನಲ್ಲಿ ಗಾಡಿ ಹೂತುಕೊಂಡು ಕೂತಿದ್ದ ಯುವ ದಂಪತಿಗಳು ಇದನ್ನೆಲ್ಲ ನೋಡಿ ಓಡಿ ಬಂದರು.

"ಸಾರ್, ನೀವು ಡ್ರೈವಿಂಗ್ ಮೇಷ್ಟ್ರಾ? ಆ ಅಮ್ಮ ನಿಮ್ಮ ಶಿಷ್ಯೆನಾ? ಎಷ್ಟು ಚೆನ್ನಾಗಿ ಕಲಿಸಿದೀರಿ ಸಾರ್!"

ಸೇವಾವಧಿಯಲ್ಲಿ ಒಂದೇ ಒಂದು ಸುಳ್ಳು ವರದಿ ಬರೆದವನಲ್ಲ ನಾನು. ಆದರೆ ಬಾಯಿ ತುಂಬ ಮರಳು. ಕತ್ತು ಮಾತ್ರ ತಾನಾಗಿ ಮೇಲೆ ಕೆಳಗೆ ಆಡಿತು. ಮರುಕ್ಷಣ ಅವರ ಗಾಡಿಯ ಕೀ ನನ್ನ ಕೈಯಲ್ಲಿತ್ತು! ಮುಂದಿನ ವಿವರ ಅನಗತ್ಯ. ನಾನು ಅವರ ಗಾಡಿಯಿಂದ ಹೊರಬಂದದ್ದು ಕಿಟಕಿಯ ಮೂಲಕ ಎಂದರೆ ಸಾಕು.

ನನ್ನನ್ನು ಹುಡುಕಿಕೊಂಡು ಇವಳು ನಡೆದು ಬಂದಾಗ ಆ ಹುಡುಗಿ ದೂರು ಕೊಟ್ಟಳು: "ಅಮ್ಮಾ, ನಿಮ್ಮ ಗುರುಗಳು ನಮ್ಮ ಗಾಡಿನ ಬಾಗಿಲವರೆಗೂ ಹೂತುಬಿಟ್ರು!"

"ಗುರುಗಳಾ?" ಎಂದು ಇವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸ್ವಲ್ಪ ಸರೀರಿ, ಗುರುಗಳೇ."

ಮತ್ತೆ ಹೇರ್‌ಪಿನ್ನು, ಮತ್ತೆ ತೋಡುವುದು. ಈ ಸಲ ತಳ್ಳಲು ಮೂವರಿದ್ದೆವು. ಆ ಗಾಡಿಯೂ ಎದ್ದು, ನಮ್ಮ ಮೂವರನ್ನೂ ಬಿಟ್ಟು ಓಡಿತು. ಆ ಹುಡುಗ ಮೆಚ್ಚುಗೆಯಿಂದಲೇ ಹೇಳಿದ: "ಎಲ್ಲಾ ಕಲಿಸಿದೀರಿ ಸಾರ್, ನಿಲ್ಸೋದೊಂದು ಬಿಟ್ಟು!"

ಗಟ್ಟಿ ನೆಲ ಮುಟ್ಟಿದೊಡನೆ ಇವಳನ್ನು ಪಕ್ಕಕ್ಕೆ ಕರೆದು ನನ್ನ ವಾದ ಮಂಡಿಸಿದೆ: "ಬೆಟ್ಟ ಇಳಿಸೋದು ಹುಡುಗಾಟ ಅಲ್ಲ. ನಾನು ಕೊಟ್ಟ ಮಾತು ಮರಳಿಗೆ ಮಾತ್ರ. ಕೀ ಕೊಡು."

"ಧಾರಾಳವಾಗಿ ಕೊಡ್ತೀನಿ," ಎಂದಳು ತಣ್ಣಗೆ. "ಅಲ್ಲಿ ನಿಂತಿದಾರಲ್ಲ, ಆ ಮಕ್ಕಳ ಹತ್ರ ಹೋಗಿ ಒಂದು ಮಾತು ಹೇಳಿ ಬನ್ನಿ. ಯಾರಿಗೆ ಯಾರು ಕಲಿಸಿದ್ದು ಅಂತ."

ತಿರುಗಿ ನೋಡಿದೆ. ದಂಪತಿಗಳಿಬ್ಬರೂ ನನಗೆ ಕೈಮುಗಿದು ನಿಂತಿದ್ದರು. ಆ ಹುಡುಗ ಚಪ್ಪಲಿ ಸಹ ಬಿಟ್ಟಿದ್ದ!

ಶಿಷ್ಯರು ವಾಹನ ಓಡಿಸುವಾಗ ಗುರುವಾದವನು ಪಕ್ಕದ ಆಸನದಲ್ಲಿಯೇ ಇರತಕ್ಕದ್ದು. ಇದು ನಿಯಮ. ಅವರಿಗೆ ಕೈಯೆತ್ತಿ ಆಶೀರ್ವಾದ ಮಾಡಿ, ಗಾಡಿಯನ್ನು ಸುತ್ತು ಹಾಕಿಕೊಂಡು ಬಂದು, ಪಕ್ಕದ ಆಸನದಲ್ಲಿ ಕುಳಿತೆ.

"ಗುರುಗಳೇ," ಎಂದಳು ಇವಳು, "ಬೆಲ್ಟು."