ಬಾಮೈದನ ಹೊಂಡಕ್ಕೆ ಬಂದ ಎಕ್ಸ್‌ಪರ್ಟುಗಳು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆ ಜೀಪು ನಿಲ್ಲಿಸಿಕೊಂಡು ಕೂತವನಿಗೆ ಇಂಥ ಪ್ರಸಂಗಗಳು ತಾವಾಗೇ ಬಂದು ಹತ್ತಿಕೊಳ್ಳುತ್ತವೆ. ನಾನಾಗಿ ಹುಡುಕಿಕೊಂಡು ಹೋದದ್ದು ಕಡಿಮೆ. ಹೋದ ವರ್ಷ ಹತ್ತಿಕೊಂಡವರು ಮೀನಿನ ಎಕ್ಸ್‌ಪರ್ಟುಗಳು.

ಹರವೆ ಹತ್ತಿರ ನನ್ನ ಬಾಮೈದನ, ಅಂದರೆ ಹೆಂಡತಿಯ ತಮ್ಮನ, ಜಮೀನಿದೆ. ಅವನು ಕೃಷಿ ಹೊಂಡದಲ್ಲಿ ಮೀನು ಸಾಕುತ್ತೇನೆ ಅಂತ ಹೊರಟ. ನಮ್ಮದು ಲಿಂಗ ಕಟ್ಟಿದ ಮನೆತನ. ನಮ್ಮ ಮನೆಯೊಳಗೆ ಮೀನು ಅಂತ ಒಂದಿದ್ದರೆ ಅದು ಪಂಚಾಂಗದ ಮೀನರಾಶಿ ಮಾತ್ರ.

ಅತ್ತೆ ಒಂದೇ ಮಾತು ಹೇಳಿದರು: "ಸಾಕ್ಕೊ, ಬ್ಯಾಡ ಅನ್ನಕಿಲ್ಲ. ಶಿವರಾತ್ರಿ ಒಳಗೆ ಎಲ್ಲಾ ಮಾರಿ ಹೊಂಡ ಖಾಲಿ ಮಾಡ್ಬುಡ್ಬೇಕು. ಇಲ್ದಿದ್ರೆ ನಾನು ಮಗಳ ಮನೇಗೆ ಓಗಿ ಅಲ್ಲೇ ಇದ್ಬುಡ್ತೀನಿ."

ಮಗಳ ಮನೆ ಅಂದರೆ ನನ್ನ ಮನೆ. ಅವತ್ತಿನಿಂದ ಈ ತಾಲ್ಲೂಕಿನಲ್ಲಿ ಮೀನು ಸಾಕಣೆ ಬಗ್ಗೆ ನನಗಿದ್ದಷ್ಟು ಶ್ರದ್ಧೆ ಇನ್ನೊಬ್ಬರಿಗೆ ಇರಲಿಲ್ಲ.

ನೀರಿನವರು

ಮೊದಲು ಬಂದವರು ನೀರಿನ ಎಕ್ಸ್‌ಪರ್ಟು. "ಹೊಂಡಕ್ಕೆ ಬಿಡೋ ಬೋರ್‌ವೆಲ್ ನೀರು ಒಂದು ಬಾಟಲಿ ತಂದುಕೊಡಿ, ಮೈಸೂರಲ್ಲಿ ಪರೀಕ್ಷೆ ಮಾಡಿಸ್ತೀನಿ" ಅಂದರು. ಬಾಟಲಿ ತುಂಬಿಸಿಕೊಂಡು ಹೊರಟೆ. ಮುಚ್ಚಳ ಹಾಕುವುದು ಮರೆತುಹೋಗಿತ್ತು; ರಸ್ತೆಯ ಹಂಪಿನ ಮೇಲೆ ಜೀಪು ಹಾರಿದಾಗ ಬಾಟಲಿಯ ನೀರೆಲ್ಲ ಸೀಟು ಕುಡಿಯಿತು. ಮತ್ತೆ ಹರವೆ ತನಕ ಯಾರು ಹೋಗುತ್ತಾರೆ? ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಡ್ರಮ್ಮಿನಿಂದ ತುಂಬಿಸಿ ಕೊಟ್ಟುಬಿಟ್ಟೆ.

ವಾರದ ಮೇಲೆ ರಿಪೋರ್ಟು ಬಂತು: ಈ ನೀರು ಮನುಷ್ಯರು ಕುಡಿಯಲು ಯೋಗ್ಯವಲ್ಲ, ಮೀನಿಗೆ ಅತ್ಯುತ್ತಮ, ನೀರಿನಲ್ಲೇ ಬೇಕಾದಷ್ಟು ಆಹಾರವಿದೆ.

ಬಾಮೈದ ಕುಣಿದಾಡಿದ. ನನಗೆ ಟೀ ಅಂಗಡಿಯ ನೆನಪಾಯಿತು. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೇನೆ. ಜೊತೆಗೆ ಬಿಸ್ಕತ್ತು ಬೇಕು ಅಂತ ಒಂದು ದಿನವೂ ಯಾಕೆ ಅನ್ನಿಸಲಿಲ್ಲ ಅನ್ನುವುದು ಅವತ್ತು ತಿಳಿಯಿತು.

ಆಳದವರು

ಹೊಂಡ ಎಷ್ಟು ಆಳ ಇರಬೇಕು ಅಂತ ಹೇಳಲು ಹತ್ತು ಜನ ಬಂದರು. ಸರಿ, ಮೂರು ಜನ. ಮೊದಲನೆಯವರು ಎಂಟಡಿ ಅಂದರು. ಜೆಸಿಬಿ ತರಿಸಿ ತೋಡಿಸಿದ್ದಾಯಿತು. ಎರಡನೆಯವರನ್ನು ಜೀಪಿನಲ್ಲಿ ಕರೆತರುವಾಗ ನನಗೊಂದು ಚಪಲ ಹತ್ತಿತು. "ಸಾರ್, ಮೊದಲು ಬಂದವರು ಆಗಲೇ ಹೇಳವ್ರೆ, ನೀವೂ ಎಂಟೇ ಅಂತೀರಂತೆ" ಅಂದೆ.

"ಹಂಗಂದ್ರಾ?" ಅಂದವರೇ ಹೊಂಡ ನೋಡುವ ಮೊದಲೇ "ಐದಡಿ! ಮುಚ್ಚಿಸ್ರೀ!" ಅಂದರು. ಮತ್ತೆ ಜೆಸಿಬಿ. ಮೂರನೆಯವರಿಗೂ ನಾನು ಅದೇ ಸೇವೆ ಮಾಡಿದೆ. ಅವರು ಒಂದು ಕಡೆ ಐದು, ಇನ್ನೊಂದು ಕಡೆ ಏಳು ಮಾಡಿಸಿದರು.

ಸಂಜೆ ಜೆಸಿಬಿ ಡ್ರೈವರು ಬಾಮೈದನ ಹತ್ತಿರ ಬಂದು ವಿನಯವಾಗಿ ಕೇಳಿದ: "ಅಣ್ಣಾ, ಮುಂದಿನ ಸಾರು ಯಾವಾಗ ಬತ್ತಾರೆ? ಮಿಷನ್ ತಗಂಡೋಗ್ಲಾ, ಇಲ್ಲಾ ಇಲ್ಲೇ ನೆಳ್ಳಲ್ಲಿ ಕಟ್ಟಾಕಿ ಹುಲ್ಲು ಹಾಕ್ಲಾ?"

ಮೇವಿನವರು

ಹೊಂಡಕ್ಕೆ ಮೀನುಮರಿ ಬಿಟ್ಟ ಮೇಲೆ ಬಂದ ಮೇವಿನ ಎಕ್ಸ್‌ಪರ್ಟು ಲ್ಯಾಪ್‌ಟಾಪ್ ತಂದಿದ್ದ. ಮೇವಿನ ಚೀಲ ಬಿಚ್ಚಿದ. ಅತ್ತೆ ಮೂಗಿಗೆ ಸೆರಗು ಹಿಡಿದು, "ಏನಪ್ಪ ಇದು ವಾಸ್ನೆ?" ಅಂದರು.

"ಒಣಮೀನಿನ ಪುಡಿ ಅಮ್ಮ. ಪ್ರೋಟೀನು."

"ಮೀನಿಗೆ ಮೀನ್ನೇ ತಿನ್ನುಸ್ತೀಯಾ? ಅವರಣ್ಣ ತಮ್ಮದೀರ್ನ? ತಗಂಡೋಗು ಅತ್ತಗೆ!"

ಅಲ್ಲಿಂದಾಚೆ ಮೇವು ಅತ್ತೆಯ ಖಾತೆಗೆ ಹೋಯಿತು. ಬೆಳಗ್ಗೆ ಎಂಟಕ್ಕೆ, ಪೂಜೆ ಮುಗಿಸಿ, ಮೊರದ ತುಂಬ ಅಕ್ಕಿ ತೌಡು, ಕಡ್ಲೆಕಾಯಿ ಹಿಂಡಿ ತಂದು, "ಬನ್ರಪ್ಪಾ, ಬನ್ರವ್ವಾ" ಅಂತ ಕರೆದು ಎರಚುವರು. ಮೀನು ಗುಂಡುಗುಂಡಗೆ ಬೆಳೆದವು. ಮೂರು ತಿಂಗಳ ಮೇಲೆ ಮತ್ತೆ ಬಂದ ಅದೇ ಎಕ್ಸ್‌ಪರ್ಟು ಬೆರಗಾಗಿ, "ಅಮ್ಮ, ದಿನಕ್ಕೆ ಎಷ್ಟು ಸಲ ಕೊಡ್ತೀರಿ?" ಅಂದ.

"ಎರಡು ಹೊತ್ತು. ಸೋಮವಾರ ಮಾತ್ರ ಒಪ್ಪತ್ತು ಕಣಪ್ಪ, ನಮ್ಮಂಗೇಯ."

ಅವನು ನಗಲಿಲ್ಲ, ಟೈಪು ಮಾಡಿಕೊಂಡ. ಹೋದ ತಿಂಗಳು ಉಮ್ಮತ್ತೂರಿನಲ್ಲಿ ಮೀನು ಸಾಕಿರುವ ಒಬ್ಬ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳಿದ: "ಸೋಮವಾರ ಒಂದೇ ಹೊತ್ತು ಮೇವು ಹಾಕ್ಬೇಕು ಕಣಣ್ಣ. ಇಸ್ರೇಲ್ ಪದ್ಧತಿಯಂತೆ."

ಹಿಡಿಸುವವರು

ಶಿವರಾತ್ರಿಗೆ ಐದೇ ದಿನ. ಮೀನು ಕೊಳ್ಳಲು ಕೇರಳದ ವ್ಯಾಪಾರಿ ವ್ಯಾನು ತುಂಬ ಐಸು ಹೇರಿಕೊಂಡು ಬಂದ. ಜೊತೆಗೆ ಬಲೆಯವರು, ಅವರಿಗೆ ಹೇಳಿಕೊಡಲು ಒಬ್ಬ ಎಕ್ಸ್‌ಪರ್ಟು. ಮೂರು ಸಲ ಬಲೆ ಎಳೆದರು. ಸಿಕ್ಕಿದ್ದು ಎರಡು ಕಪ್ಪೆ, ಬಾಮೈದನ ಒಂದು ಚಪ್ಪಲಿ.

"ಇದರಲ್ಲಿ ಮೀನೇ ಇಲ್ಲ. ಎಲ್ಲಾ ಕೊಕ್ಕರೆ ತಿಂದಿವೆ" ಅಂತ ಎಕ್ಸ್‌ಪರ್ಟು ತೀರ್ಪು ಕೊಟ್ಟ. ಬಾಮೈದ ಏರಿಯ ಮೇಲೆ ಕುಸಿದು ಕೂತ. ವ್ಯಾಪಾರಿ ವ್ಯಾನು ಹತ್ತಿದ. ನನ್ನ ಕಣ್ಣಿಗೆ ಅತ್ತೆಯ ಟ್ರಂಕು ಕಟ್ಟಿದಂತಾಯಿತು.

ಆಗ ಎಂಟು ಗಂಟೆ. ಅತ್ತೆ ಮೊರ ಹಿಡಿದು ಬಂದು, "ಬನ್ರಪ್ಪಾ, ಬನ್ರವ್ವಾ" ಅಂದರು. ಹೊಂಡ ಕೊತಕೊತ ಕುದಿಯಿತು. ಎಲ್ಲಿ ನೋಡಿದರೂ ಮೀನು! ವ್ಯಾಪಾರಿ ವ್ಯಾನಿನಿಂದ ಹಾರಿದ. "ಹಾಕ್ರೋ ಬಲೆ!" ಅಂತ ಎಕ್ಸ್‌ಪರ್ಟು ಕೂಗಿದ.

ಅತ್ತೆ ಮೊರ ಕೆಳಗಿಟ್ಟರು. "ಯಾವನ್ಲಾ ಅವ್ನು? ಉಣ್ತಾ ಕೂತೋರ್ನ ಎಲೆ ಮುಂದಿಂದ ಎಬ್ಬುಸ್ತಾರಾ? ನಿಮ್ಮವ್ವ ಇದೇಯ ಕಲ್ಸಿರದು? ಉಂಡ ಮೇಲೆ ಹಿಡ್ಕಳಿ. ನಾನೇನ್ ಬ್ಯಾಡ ಅಂದ್ನಾ?"

ಎಲ್ಲರೂ ಕೈಕಟ್ಟಿ ನಿಂತೆವು. ಮೀನು ನಿಧಾನಕ್ಕೆ ಉಂಡವು, ತಳಕ್ಕೆ ಹೋದವು. ಬಲೆ ಹಾಕಿದರು. ಇನ್ನೊಂದು ಚಪ್ಪಲಿ ಬಂತು.

ಮಾರನೆಯ ದಿನವೂ ಅಷ್ಟೇ. ಉಣ್ಣುವಾಗ ಹಿಡಿಯುವಂತಿಲ್ಲ, ಉಂಡ ಮೇಲೆ ಸಿಗುವುದಿಲ್ಲ. ಮೂರನೆಯ ದಿನ ಎಕ್ಸ್‌ಪರ್ಟು ನಮ್ಮನ್ನು ಮರದ ಹಿಂದೆ ಕರೆದ. "ನೀರು ಸರಿ ಇದೆ, ಮೀನು ಸರಿ ಇದೆ, ಬಲೆನೂ ಸರಿ ಇದೆ. ಅಮ್ಮನೋರು ಒಂದೆರಡು ದಿನ ಎಲ್ಲಾದ್ರೂ ಹೋಗಿ ಬಂದ್ರೆ..."

ಎಲ್ಲರೂ ತಿರುಗಿ ನನ್ನ ಜೀಪು ನೋಡಿದರು.

"ಬಾವ, ಎರಡೇ ದಿನ" ಅಂತ ಬಾಮೈದ ಕೈ ಹಿಡಿದುಕೊಂಡ. ಅತ್ತೆಯನ್ನು ನಮ್ಮ ಮನೆಗೆ ಕರೆತಂದೆ. ಮರುದಿನ ಬಾಮೈದನೇ ತೌಡು ಎರಚಿದ, ಎಲೆಯ ಮಾತೆತ್ತಲು ಯಾರೂ ಇರಲಿಲ್ಲ. ರಾತ್ರಿ ಬಂಡೀಪುರ ಕಾಡಿನ ಗೇಟು ಹಾಕುವುದರೊಳಗೆ ಮೀನು ತುಂಬಿದ ವ್ಯಾನು ಕೇರಳದ ಕಡೆ ದಾಟಿಯೂ ಆಗಿತ್ತು.

ನಾನು ಜೀಪು ತೊಳೆದು, ಬಾಗಿಲು ತೆಗೆದಿಟ್ಟು, ಒಳಗೆ ಹೋಗಿ ಹೇಳಿದೆ: "ಅತ್ತೆ, ನೀವು ಹೇಳ್ದಂಗೇ ಆಯ್ತು. ಶಿವರಾತ್ರಿಗೆ ಮುಂಚೆ ಹೊಂಡ ಖಾಲಿ. ಬನ್ನಿ, ಬುಟ್ಟು ಬತ್ತೀನಿ."

ಅತ್ತೆ ಎಲೆ ಅಡಿಕೆ ಮಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಖಾಲಿ ಮಾಡ್ದಿದ್ರೆ ಬತ್ತೀನಿ ಅಂದಿದ್ದೆ ಅಳಿಯಂದ್ರೇ" ಅಂದರು. "ಖಾಲಿ ಮಾಡುದ್ರೆ ಬರಕಿಲ್ಲ ಅಂತ ಯಾವಾಗಂದೆ?"