ಎರ್ರಿಸ್ವಾಮಿಯ ಹೆಜ್ಜೆಗಳ ಹಕ್ಕುದಾರ

ಇಷ್ಟಕ್ಕೆಲ್ಲ ಕಾರಣ ಒಂದು ಮಿರ್ಚಿ ಪೊಟ್ಟಣ.

೧೯೭೪ರ ಡಿಸೆಂಬರಿನ ಒಂದು ಬೆಳಿಗ್ಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಡಾನ್ಸ್ ಮಾಸ್ಟರ್ ಚಿದಾನಂದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ನಾಲ್ಕನೆಯ ಮಿರ್ಚಿಗೆ ಕೈ ಹಾಕಿದಾಗ, ಪೊಟ್ಟಣದ ತಳದಿಂದ ಎರ್ರಿಸ್ವಾಮಿ ನಕ್ಕ. ಅದು ಯಾವುದೋ ಸಿನಿಮಾ ವಾರಪತ್ರಿಕೆಯ ಹಾಳೆ. ಕಪ್ಪು ಕನ್ನಡಕ, ಹೂವಿನ ಅಂಗಿ, ಕುತ್ತಿಗೆಯಲ್ಲಿ ಪೀಪಿ. ಎಣ್ಣೆ ಹತ್ತಿ ಮುಖ ಮದುಮಗನ ಹಾಗೆ ಹೊಳೆಯುತ್ತಿತ್ತು. ಕೆಳಗೆ ಅಚ್ಚಾಗಿತ್ತು: 'ನಲವತ್ತು ನರ್ತಕಿಯರ ಭತ್ತದ ನಾಟಿ ನೃತ್ಯ. ರಂಗದಿಂದ ತೆರೆಗೆ ಬಂದ ಪ್ರತಿಭೆ.'

ಚಿದಾನಂದಪ್ಪ ಮಿರ್ಚಿಯನ್ನು ಪೊಟ್ಟಣಕ್ಕೇ ವಾಪಸು ಹಾಕಿದ.

ಹತ್ತು ವರ್ಷದ ಹಿಂದೆ ಇಬ್ಬರೂ ಒಂದೇ ತಂಡದವರು. ಜನ ಬ್ಯಾಲೆ ಎನ್ನುತ್ತಿದ್ದ ನೃತ್ಯರೂಪಕಗಳನ್ನು ಚಿದಾನಂದಪ್ಪ ಕಟ್ಟುತ್ತಿದ್ದ, ಎರ್ರಿಸ್ವಾಮಿ ಕುಣಿಯುತ್ತಿದ್ದ. ಒಂದು ದಿನ ಎರ್ರಿಸ್ವಾಮಿ ಮದರಾಸಿನ ರೈಲು ಹತ್ತಿದ. ಮೊದಲ ಆರು ವರ್ಷ ಸಿನಿಮಾ ನೃತ್ಯಗಳಲ್ಲಿ ಅವನ ಜಾಗ ಮೂರನೆಯ ಸಾಲು. ಆಗ ಚಿದಾನಂದಪ್ಪ ಒಂದು ಸಿನಿಮಾವನ್ನೂ ಬಿಟ್ಟವನಲ್ಲ. "ಇವತ್ತು ಬರೇ ಮೊಣಕೈ ಕಾಣಿಸ್ತು ನೋಡು" ಎಂದು ಹೆಂಡತಿ ವಿರೂಪಮ್ಮನಿಗೆ ಹೇಳಿ, ಅಂದು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಎರ್ರಿಸ್ವಾಮಿ ನೃತ್ಯ ನಿರ್ದೇಶಕನಾದ ವರ್ಷದಿಂದ ಸಿನಿಮಾ ನೋಡಿದರೆ ತಲೆನೋವು ಬರುತ್ತದೆಂದು ಬಿಟ್ಟುಬಿಟ್ಟ. ಈಗಿನ ಚಿತ್ರ ಬಳ್ಳಾರಿಯಲ್ಲಿ ಐದು ವಾರ ಓಡಿತ್ತು. ಅದರ ಹೆಸರನ್ನು ಕೂಡ ಅವನು ಬಾಯಲ್ಲಿ ಆಡುತ್ತಿರಲಿಲ್ಲ, 'ಅದು' ಎನ್ನುತ್ತಿದ್ದ. ಅದರ ಪೋಸ್ಟರು ಅಂಟಿಸದ ಓಣಿಗಳನ್ನೇ ಹುಡುಕಿ ಓಡಾಡಿದ್ದರಿಂದ, ಮೂರು ಫರ್ಲಾಂಗಿನ ಮಾರ್ಕೆಟ್ಟು ಐದು ವಾರ ಒಂದು ಮೈಲಿ ದೂರವಾಗಿತ್ತು.

"ಮಿರ್ಚಿ ಯಾಕ ಬಿಟ್ರಿ?" ಎಂದು ಬಂದ ವಿರೂಪಮ್ಮ ಹಾಳೆಯನ್ನು ನೋಡಿದಳು. "ಓ, ನಮ್ಮ ಎರ್ರಿಸ್ವಾಮಿ! ಎಷ್ಟು ತುಂಬಿಕೊಂಡಾನ ನೋಡ್ರಿ. ಮದರಾಸು ಮೈಗೆ ಹತ್ತೈತಿ."

"ಊದಿಕೊಂಡಾನ ಅನ್ನು."

ಅಷ್ಟರಲ್ಲಿ ಪಕ್ಕದ ಮನೆಯ ಕೊಟ್ಟೂರಪ್ಪ ಬಂದ. ಮೂವತ್ತು ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕಾಗಿದ್ದು ನಿವೃತ್ತನಾದವನು. ಈಗ ಅವನಿಗೆ ಓಣಿಯೇ ಕೋರ್ಟು. ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ವಿಚಾರಣೆಗೆ ಹಾಜರಾಗುತ್ತಿದ್ದ.

"ಮಾಸ್ಟ್ರೆ, ಸಿರುಗುಪ್ಪದ ರೈಸ್ ಮಿಲ್ಲಿನೋರು ಸಂಕ್ರಾಂತಿಗೆ ಆಡಸೋ ಬ್ಯಾಲೆ ನಿಮಗ ಖಾತ್ರಿ ಆತೇನು?"

"ಆದಂಗ. ಸಂಘದ ಅಧ್ಯಕ್ಷ ಮರಿಬಸಪ್ಪನೋರು ಹೋದ ತಿಂಗಳ ಸಾಲ್ಯಾಗ ನನ್ನ ನಾಟಿ ಕುಣಿತ ನೋಡಿ ಭಾಳ ಮೆಚ್ಚ್ಯಾರ."

"ಹಂಗಾದ್ರ ಆದಂಗಲ್ಲ ಬಿಡ್ರಿ. ನೀವು 'ಅದು' ಅಂತೀರಲ್ಲ, ಆ ಸಿನಿಮಾ ಈಗ ಸಿರುಗುಪ್ಪಕ್ಕ ಬಂದೈತಿ. ಸಂಘದವ್ರೆಲ್ಲ ಇವತ್ತು ಮ್ಯಾಟ್ನಿಗೆ ಹೊಂಟಾರಂತ. ಎರ್ರಿಸ್ವಾಮಿ ಡಾನ್ಸ್ ನೋಡಿ ಆಮ್ಯಾಲೆ ತೀರ್ಮಾನ ಅಂತ ನಮ್ಮ ಅಳಿಯ ಹೇಳಿ ಕಳಿಸ್ಯಾನ."

ಚಿದಾನಂದಪ್ಪನಿಗೆ ಕಟ್ಟೆ ಕುಸಿದಂತಾಯಿತು. ಹದಿನೆಂಟು ವರ್ಷ ಸಾಲೆಯ ಮಕ್ಕಳನ್ನು ಚಿಟ್ಟೆ, ಮೊಲ, ನವಿಲು ಮಾಡಿ ಕುಣಿಸಿದವನು ಅವನು. ಸಿರುಗುಪ್ಪದಲ್ಲಿ ಮೂವತ್ತಡಿ ವೇದಿಕೆ, ಬಯಲು ತುಂಬ ಜನ, ಮುಂದಿನ ಸಾಲಿನಲ್ಲಿ ಡಿ.ಸಿ. ಸಾಹೇಬರು. ಬೀಜದಿಂದ ಅಕ್ಕಿಯವರೆಗೆ ಭತ್ತದ ಪೂರ್ತಿ ಕತೆ. ಇದು ತಪ್ಪಿದರೆ ಇನ್ನುಳಿದದ್ದು ಮೊಲಗಳೇ.

"ಆ ನಾಟಿ ಡಾನ್ಸ್ ನಂದು! ನನ್ನ ಕಡೆ ಕಲ್ತು ಕದ್ದಾನ ಅವ."

"ಸಿನಿಮಾ ನೋಡೀರೇನು?"

"ಕಳ್ಳ ಯಾರಂತ ಗೊತ್ತಿದ್ರ ಕಳವು ಯಾಕ ನೋಡಬೇಕ್ರಿ?"

ಕೊಟ್ಟೂರಪ್ಪನ ಕಣ್ಣು ಮಿನುಗಿದವು. ಎಷ್ಟೋ ತಿಂಗಳ ಮೇಲೆ ಒಂದು ಸರಿಯಾದ ಕೇಸು. "ಬಾಯಿಮಾತು ನಡೆಯೂದಿಲ್ಲ. ಲಿಖಿತ ಹೇಳಿಕಿ ಬೇಕು, ಸಾಕ್ಷಿ ಬೇಕು. ಅಂಗಿ ಹಾಕ್ಕೊಳ್ರಿ."

ಸಾಕ್ಷಿ ಇದ್ದದ್ದು ಕುರುಗೋಡಿನಲ್ಲಿ: ಹಳೆಯ ತಂಡದ ಹಾರ್ಮೋನಿಯಂ ವಾದಕ ಉಜ್ಜಿನಪ್ಪ. ಬಸ್ಸು ಬಳ್ಳಾರಿ ದಾಟುತ್ತಿದ್ದಂತೆ ಕೊಟ್ಟೂರಪ್ಪ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ: 'ಸದರಿ ನೃತ್ಯದ ಕೆಲವು ಹೆಜ್ಜೆಗಳು ನನ್ನವು.' ಚಿದಾನಂದಪ್ಪ ಒಪ್ಪಿದ. ಅದರಲ್ಲಿ ಒಂದಷ್ಟು ಸತ್ಯವಿದ್ದರೂ ಇರಬಹುದಿತ್ತು.

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಬಗ್ಗಿ ಓದಿದ. "ಎರ್ರಿಸ್ವಾಮಿ ಅಂದ್ರ ಆ ಡಾನ್ಸ್ ಡೈರೆಕ್ಟರೇನ್ರಿ? ನಮ್ಮ ಕುರುಗೋಡಿನೋನು! ಏನ್ ಕೈ, ಏನ್ ಕಾಲು!"

"ಅವ ಹುಟ್ಟಿದ್ದು ಬಳ್ಳಾರಿ ಕೌಲ್ ಬಜಾರದಾಗ" ಎಂದ ಚಿದಾನಂದಪ್ಪ.

"ಹುಟ್ಟಿದ್ದು ಎಲ್ಲ್ಯಾರ ಇರ್ಲಿ, ಬೆಳಿದಿದ್ದು ನಮ್ಮೂರಾಗ. ನಿಮ್ಮೂರು ಯಾವುದ್ರಿ?"

"ಹಲಕುಂದಿ."

"ಹಾಂ, ಮಠದ ಕಡೆಯೋರಾ?" ಎಂದು ಕಂಡಕ್ಟರ್ ಕೈಮುಗಿದು ಮುಂದೆ ಹೋದ. ಹದಿನೆಂಟು ವರ್ಷದ ನೃತ್ಯದ ಬಗ್ಗೆ ಒಂದು ಮಾತಿಲ್ಲ.

"'ಕೆಲವು' ಹೊಡೆದು ಹಾಕ್ರಿ. 'ಬಹುಪಾಲು' ಅಂತ ಬರೀರಿ" ಎಂದ ಚಿದಾನಂದಪ್ಪ.

ಕುರುಗೋಡಿನಲ್ಲಿ ಉಜ್ಜಿನಪ್ಪ ಸಾಕ್ಷಿ ಹೇಳಲು ತಕ್ಷಣ ಸಿದ್ಧನಾದ. ಷರತ್ತು ಒಂದೇ: ಸಿರುಗುಪ್ಪದ ಬ್ಯಾಲೆಗೆ ಹಾರ್ಮೋನಿಯಂ ಅವನದೇ.

"ಆಗಲಿ. ನೀನು ಇದ್ದದ್ದು ಇದ್ದಂಗ ಹೇಳು ಸಾಕು."

"ಇದ್ದದ್ದು ಹೇಳ್ಲೋ, ನೀವು ಅಂದದ್ದು ಹೇಳ್ಲೋ? ಎರಡೂ ಬ್ಯಾರೆ ಇದ್ರ ಈಗ್ಲೇ ಹೇಳಿಬಿಡ್ರಿ."

"ಎರಡೂ ಒಂದೇ ಲೇ!"

ಸಿರುಗುಪ್ಪದ ಬಸ್ಸಿನಲ್ಲಿ ಹಾರ್ಮೋನಿಯಮ್ಮಿಗೂ ಒಂದು ಸೀಟು ಬೇಕಾಯಿತು. ರಸ್ತೆಯ ಪ್ರತಿ ಗುಂಡಿಗೂ ಅದು ಹಲ್ಲುನೋವಿನ ಮುದುಕನಂತೆ ನರಳುತ್ತಿತ್ತು. ಬಾದನಹಟ್ಟಿಯಲ್ಲಿ ಹತ್ತಿದ ಪಕ್ಕೀರಮ್ಮ ಎಂಬ ಹಿರಿಯ ಹೆಂಗಸು ಬದನೆಕಾಯಿ ಬುಟ್ಟಿಯನ್ನು ಚಿದಾನಂದಪ್ಪನ ಪಾದದ ಮೇಲೆ ಇಳಿಸಿ, ಮಾತು ಕೇಳಿಸಿಕೊಂಡು, ತಾನೂ ಸೇರಿಕೊಂಡಳು.

"ಎರ್ರಿಸ್ವಾಮಿನಾ? ಅವರವ್ವ ನಮ್ಮೂರ ಮಗಳು. ಇಷ್ಟಿದ್ದಾಗ ನಮ್ಮ ಅಂಗಳದಾಗ ಕುಣೀತಿದ್ದ. ಅಂಥಾ ಕೂಸು ಇನ್ನೊಂದಿಲ್ಲ ಬಿಡಪ್ಪ."

"ಅವನಿಗೆ ಕಲಿಸಿದೋರು ಇವರೇ ಅಮ್ಮ" ಎಂದು ಉಜ್ಜಿನಪ್ಪ ಚಿದಾನಂದಪ್ಪನ ಕಡೆ ಕೈ ತೋರಿಸಿದ.

ಪಕ್ಕೀರಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹೌದಾ? ಹಂಗಾದ್ರ ಪಾಪ, ಇವರ್ಯಾಕ ಹಿಂಗ ಉಳಿದ್ರು?"

ಬಸ್ಸಿನಲ್ಲಿ ಇಡೀ ಎರಡು ಸಾಲು ನಕ್ಕಿತು. ಚಿದಾನಂದಪ್ಪನ ಕಿವಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ಬರೀರಿ ಕೊಟ್ಟೂರಪ್ಪನೋರೆ! 'ಎಲ್ಲ ಹೆಜ್ಜೆಗಳೂ ನನ್ನವು. ಕೈ, ಕುತ್ತಿಗೆ, ಕಣ್ಣು, ಸೊಂಟ, ಎಲ್ಲ ನನ್ನವು. ನಾನು ಅವನ ಗುರು. ಅವನ ಸ್ವಂತದ್ದು ಅಂಬೋದು ಅದರಾಗ ಒಂದು ಬೆರಳೂ ಇಲ್ಲ.' ಬರೀರಿ!"

ಕೊಟ್ಟೂರಪ್ಪ ಬರೆದ. ಚಿದಾನಂದಪ್ಪ ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಉಜ್ಜಿನಪ್ಪ ಸಹಿ ಮಾಡುವಾಗ ಬಸ್ಸು ಕುಲುಕಿ ಕೊನೆಯ ಅಕ್ಷರ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿತ್ತು. ಅದನ್ನು ಮತ್ತೆ ಹಾಳೆಯ ಮೇಲೆ ಬರೆಸಿಯೇ ಕೊಟ್ಟೂರಪ್ಪ ಬಿಟ್ಟ.

ಅವರು ಥಿಯೇಟರು ಮುಟ್ಟುವ ಹೊತ್ತಿಗೆ ಮ್ಯಾಟ್ನಿ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಕತ್ತಲಲ್ಲಿ ತಡವರಿಸುತ್ತ ಮೂವರೂ ಒಂದು ಬೆಂಚು ಹಿಡಿದರು. ಎರಡು ಸಾಲು ಮುಂದೆ ಮರಿಬಸಪ್ಪನವರ ಬಿಳಿ ರುಮಾಲು, ಅಕ್ಕಪಕ್ಕದಲ್ಲಿ ಸಂಘದ ಎಂಟು ಜನ. ಹಿಂದೆ ಮುಂದೆಲ್ಲ ಕಾಲುವೆ ಕಡೆಯ ಹಳ್ಳಿಗಳ ಜನ.

ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಆ ನೃತ್ಯ ಬಂತು. ಚಿದಾನಂದಪ್ಪ ಉಸಿರು ಹಿಡಿದು ನೋಡಿದ. ಅರ್ಧ ನಿಮಿಷದಲ್ಲೇ ಅವನಿಗೆ ಒಂದು ವಿಷಯ ಖಚಿತವಾಯಿತು: ಇದರಲ್ಲಿ ತನ್ನದು ಏನೂ ಇಲ್ಲ. ಅವನ ಕುಣಿತದಲ್ಲಿ ಎಂಟು ಹುಡುಗಿಯರು, ಇಲ್ಲಿ ನಲವತ್ತು. ಅವನದು ಜಾನಪದ ಮಟ್ಟು, ಇಲ್ಲಿ ಗಿಟಾರು, ಬೊಂಗೊ. ಅವನ ಹುಡುಗಿಯರು ಬಾಗಿ ವೇದಿಕೆಯ ಹಿಂದಿನ ಪರದೆಯ ಕಡೆಗೆ ಸರಿಯುತ್ತ ಹೋಗುತ್ತಿದ್ದರು. ಇಲ್ಲಿ ನಾಯಕಿಯನ್ನು ನಡುವೆ ಇಟ್ಟುಕೊಂಡು ನಲವತ್ತೂ ಮಂದಿ ಸಸಿ ನೆಡುತ್ತ, ನಗುತ್ತ, ನೇರ ಕ್ಯಾಮೆರಾದ ಕಡೆಗೇ ಬರುತ್ತಿದ್ದರು. ಇಂಥದ್ದನ್ನು ಅವನು ಕನಸಿನಲ್ಲೂ ಕಟ್ಟಿರಲಿಲ್ಲ.

ಮೆಲ್ಲಗೆ ಎದ್ದು ಬಳ್ಳಾರಿಯ ಬಸ್ಸು ಹಿಡಿಯುವ ವಿಚಾರ ಒಂದು ಕ್ಷಣ ಬಂತು. ಆದರೆ ಅದೇ ಕ್ಷಣಕ್ಕೆ ಥಿಯೇಟರು ಸಿಡಿಯಿತು. ಸಿಳ್ಳೆ, ಕೇಕೆ, ಬೆಂಚು ಬಡಿತ. ಹೆಂಗಸರ ಕಡೆಯಿಂದಂತೂ ನಗೆಯ ಮೇಲೆ ನಗೆ. ಯಾರೋ ಟವೆಲ್ ಮೇಲೆ ಹಾರಿಸಿದರು. ಹದಿನೆಂಟು ವರ್ಷದಲ್ಲಿ ಚಿದಾನಂದಪ್ಪನ ಯಾವ ಮೊಲಕ್ಕೂ ಇಂಥ ಸದ್ದು ಬಂದಿರಲಿಲ್ಲ. ಇದಿಷ್ಟೂ ಎರ್ರಿಸ್ವಾಮಿಗೆ ಹೋಗಬೇಕೇ? ಕಪ್ಪು ಕನ್ನಡಕ ಹಾಕಿ, ಪೀಪಿ ಕಟ್ಟಿಕೊಂಡು, ಮದರಾಸಿನಲ್ಲಿ ಕೂತವನಿಗೆ? ಹೊಟ್ಟೆಯಲ್ಲಿ ಮೂರು ಮಿರ್ಚಿ ಒಟ್ಟಿಗೆ ಹೊತ್ತಿಕೊಂಡವು.

ದೀಪ ಹತ್ತಿತು. ಸೋಡಾ ಅಂಗಡಿಯ ಬಳಿ ಸಂಘದವರು ನಿಂತಿದ್ದರು. ಮರಿಬಸಪ್ಪನವರು ಅವನನ್ನು ಕಂಡು ಕೈಯೆತ್ತಿದರು.

"ಬರ್ರಿ ಬರ್ರಿ ಮಾಸ್ಟ್ರೆ! ನಿಮಗ ನಾಳೆ ಹೇಳಿ ಕಳಸಬೇಕಂತ ಈಗ ಮಾತಾಡ್ತಿದ್ವಿ. ನೀವೇ ಬಂದ್ರಿ. ವಿಷಯ ಏನಂದ್ರ..."

"ವಿಷಯ ಆಮ್ಯಾಲೆ ಹೇಳ್ರಿ ಸಾಹುಕಾರ್ರೆ. ಮೊದಲ ನಂದು ಕೇಳ್ರಿ. ಈಗ ನೋಡಿದ್ರಲ್ಲ, ಆ ನಾಟಿ ಡಾನ್ಸ್ ನಂದು."

ಮರಿಬಸಪ್ಪನವರ ಸೋಡಾ ಅರ್ಧಕ್ಕೆ ನಿಂತಿತು. "ನಿಮ್ದಾ? ಅದು ಎರ್ರಿಸ್ವಾಮಿದಲ್ಲೇನು?"

"ಹೆಸರು ಅವಂದು, ಡಾನ್ಸ್ ನಂದು."

"ಆದ್ರ ನೀವು ಸಾಲ್ಯಾಗ ಮಾಡಿಸಿದ್ದು ಬ್ಯಾರೆ ಇತ್ತಲ್ಲ?"

"ಅದು ಸಣ್ಣ ಮಕ್ಕಳಿಗೆ ಮಾಡಿಸಿದ್ದು. ನನ್ನ ಮನಸಿನಾಗ ಇದ್ದದ್ದು ಇದೇ."

"ಆ ಮುಂದ ಮುಂದ ಬರ್ಕೋಂತ ನಾಟಿ ಹಚ್ಚೋದು?"

"ಅದೇ ನನ್ನ ಮುಖ್ಯ ಕಲ್ಪನಿ!" ಎಂದು ಚಿದಾನಂದಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ.

ಕೊಟ್ಟೂರಪ್ಪ ಹೇಳಿಕೆಯನ್ನು ಎರಡೂ ಕೈಯಲ್ಲಿ ಒಪ್ಪಿಸಿದ. ಉಜ್ಜಿನಪ್ಪ, "ಹೌದ್ರಿ, ನನ್ನ ಕಣ್ಣಾರೆ ಕಂಡೀನಿ" ಎಂದ. ಮರಿಬಸಪ್ಪನವರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು. ಸಂಘದವರು ಹೆಗಲ ಮೇಲಿಂದ ಓದಿದರು.

"ಮಾಸ್ಟ್ರೆ," ಎಂದರು ಮರಿಬಸಪ್ಪನವರು ಕೊನೆಗೆ, "ನಾಟಿ ಹಚ್ಚೋರು ಹಿಂದಕ್ಕ ಸರೀತಾರ. ಮುಂದಕ್ಕ ಬಂದ್ರ ತಾವು ಹಚ್ಚಿದ ಸಸಿ ತಾವೇ ತುಳೀತಾರ. ಆ ನಲವತ್ತು ಮಂದಿ ಒಂದು ಎಕರೆ ಭತ್ತ ತುಳಿದು ಹಾಕಿದ್ರು. ಜನ ಯಾಕ ಕೇಕಿ ಹಾಕಿದ್ರು ಅಂದ್ಕೊಂಡ್ರಿ?"

ಚಿದಾನಂದಪ್ಪನ ಕೈ ಎದೆಯ ಮೇಲಿಂದ ತಾನಾಗಿ ಇಳಿಯಿತು.

"ಇದನ್ನ ನೋಡಿ, ಎರ್ರಿಸ್ವಾಮಿ ಬ್ಯಾಡ, ಭತ್ತ ತಿಳಿದೋರು ನಮ್ಮ ಮಾಸ್ಟ್ರು, ಬ್ಯಾಲೆ ಅವರಿಗೇ ಅಂತ ಈಗ ಐದು ನಿಮಿಷದ ಹಿಂದ ಎಲ್ಲಾರೂ ಒಪ್ಪಿದ್ವಿ. ಅದನ್ನೇ ಹೇಳಾಕ ನಿಮ್ಮನ್ನ ಕರದಿದ್ದೆ."

"ಸಾಹುಕಾರ್ರೆ! ನನ್ನ ಕುಣಿತದಾಗ ಹುಡುಗ್ಯಾರು ಹಿಂದಕ್ಕೇ ಹೋಗ್ತಾರ! ನೀವೇ ನೋಡೀರಿ! ಇದು ನಂದಲ್ಲ, ಖರೇನ ನಂದಲ್ಲ!"

"ಹೇಳಿಕಿಗೆ ಸಹಿ ಬಿದ್ದೈತಿ" ಎಂದು ಕೊಟ್ಟೂರಪ್ಪ ಮೆಲ್ಲಗೆ ನೆನಪಿಸಿದ. "ಈಗ ತಿರುಗಿ ಬಿದ್ರ ಸಾಕ್ಷಿನೂ ಸುಳ್ಳಾಗ್ತಾನ."

"ನಾನು ಸುಳ್ಳು ಹೇಳೋನಲ್ರಿ" ಎಂದ ಉಜ್ಜಿನಪ್ಪ ಗಟ್ಟಿಯಾಗಿ.

"ಸಾಲ್ಯಾಗ ಹಿಂದಕ್ಕ ಸರಿದವು ಖರೆ," ಎಂದರು ಮರಿಬಸಪ್ಪನವರು. "ಒಕ್ಕಲುತನದ ಮನಿ ಹುಡುಗ್ಯಾರು, ತಾವಾಗೇ ಸರಿದಿರ್ತಾವ. ಬುದ್ಧಿ ಅವರದು. ನಾವು ನಿಮ್ಮದು ಅಂತ ತಪ್ಪು ತಿಳಿದಿದ್ವಿ." ಅವರು ಹೇಳಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. "ಪಾಪ, ಎರ್ರಿಸ್ವಾಮಿ ಬಗ್ಗೆ ನಾನೂ ಏನೇನೋ ಅಂದೆ. ಗುರು ಕಲಿಸಿದಂಗ ಮಾಡ್ಯಾನ ಹುಡುಗ. ನೀವೇ ಬರಕೊಟ್ಟೀರಲ್ಲ, ಅವನ ಸ್ವಂತದ್ದು ಇದರಾಗ ಒಂದು ಬೆರಳೂ ಇಲ್ಲ ಅಂತ. ಅಂದ್ರ ಅವನ ಸ್ವಂತದ್ದು ನಾವು ಇನ್ನೂ ನೋಡೇ ಇಲ್ಲ. ನೋಡೂಣು. ಏನಂತೀರಿ?"

ಸಂಘದವರು ಎಂಟೂ ಜನ ತಲೆಯಾಡಿಸಿದರು.

"ಅವನ ಮದರಾಸು ವಿಳಾಸ ಯಾರ ಹತ್ರ ಐತಿ?"

ಯಾರ ಹತ್ತಿರವೂ ಇರಲಿಲ್ಲ, ಚಿದಾನಂದಪ್ಪನನ್ನು ಬಿಟ್ಟು. ಆ ವಿಳಾಸ ಅವನಿಗೆ ಬಾಯಿಪಾಠವಾಗಿತ್ತು. ಎಷ್ಟೋ ಕಾಗದ ಬರೆದು ಹರಿದು ಹಾಕಿದ್ದ. ಸುಳ್ಳು ಹೇಳಬೇಕೆಂದಿದ್ದ, ಆದರೆ ಆ ದಿನದ ಸುಳ್ಳೆಲ್ಲ ಖರ್ಚಾಗಿ ಹೋಗಿತ್ತೋ ಏನೋ, ಬಾಯಿ ತಾನಾಗಿ ಮನೆ ನಂಬರಿನ ಸಮೇತ ಹೇಳಿಬಿಟ್ಟಿತು. ಮರಿಬಸಪ್ಪನವರು ಅಲ್ಲೇ ಸೋಡಾ ಅಂಗಡಿಯ ಹಲಗೆಯ ಮೇಲೆ ತಂತಿ ಬರೆದರು. ಇಂಟರ್ವಲ್ ಮುಗಿದ ಗಂಟೆ ಹೊಡೆಯಿತು.

"ನಮಗ ಇನ್ನರ್ಧ ಸಿನಿಮಾ ಐತಿ. ನೀವು ಹೆಂಗೂ ನೋಡೋದಿಲ್ಲ, ಇದನ್ನ ತಂತಿ ಆಫೀಸಿಗೆ ಮುಟ್ಟಿಸಿಬಿಡ್ರಿ ಮಾಸ್ಟ್ರೆ" ಎಂದು ಅವರು ಒಳಗೆ ನಡೆದರು. ಉಜ್ಜಿನಪ್ಪ ಹಾರ್ಮೋನಿಯಂ ಎತ್ತಿಕೊಂಡು, "ನನ್ನ ಹೆಸರೂ ಒಂಚೂರು ಸೇರಿಸ್ರಿ, ಎರ್ರಿಸ್ವಾಮಿಗೆ ನಾನಂದ್ರ ಜೀವ" ಎನ್ನುತ್ತ ಅವರ ಹಿಂದೆಯೇ ಹೋದ.

ತಂತಿಯನ್ನು ಕಾಲುವೆಗೆ ಎಸೆಯುವ ಆಸೆ ಚಿದಾನಂದಪ್ಪನಿಗೆ ಬರದೆ ಇರಲಿಲ್ಲ. ಆದರೆ ಪಕ್ಕದಲ್ಲಿ ಕೊಟ್ಟೂರಪ್ಪನಿದ್ದ. ದಸ್ತಾವೇಜು ಮುಟ್ಟುವ ಕಡೆ ಮುಟ್ಟುವ ತನಕ ಕೊಟ್ಟೂರಪ್ಪ ಯಾರ ಪಕ್ಕವನ್ನೂ ಬಿಟ್ಟವನಲ್ಲ.

ತಂತಿ ಆಫೀಸಿನ ಗುಮಾಸ್ತ ಪೆನ್ಸಿಲಿನಿಂದ ಒಂದೊಂದೇ ಪದ ಮುಟ್ಟುತ್ತ, ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿಕೊಂಡ: "ನೃತ್ಯದ ತಪ್ಪೆಲ್ಲ ತನ್ನದೆಂದು ನಿಮ್ಮ ಗುರು ಲಿಖಿತದಲ್ಲಿ ಒಪ್ಪಿದ್ದಾರೆ. ನಿಮ್ಮ ಮೇಲೆ ಸಂಶಯವಿಲ್ಲ. ಸಂಕ್ರಾಂತಿ ಬ್ಯಾಲೆಗೆ ಬನ್ನಿ." ಆಮೇಲೆ ತಲೆಯೆತ್ತಿ ಕುತೂಹಲದಿಂದ ಕೇಳಿದ: "ಹೌದಾ? ಆ ನಾಟಿ ಡಾನ್ಸಿಂದಾ ಇದು? ಯಾರ್ರಿ ಅವ, ಆ ಗುರು?"

"ಯಾರೋ ಏನೋ, ನನಗೇನು ಗೊತ್ತು" ಎನ್ನಲು ಚಿದಾನಂದಪ್ಪ ಬಾಯಿ ತೆರೆದ.

ಅಷ್ಟರಲ್ಲಿ ಕೊಟ್ಟೂರಪ್ಪ ಅವನ ಹೆಗಲ ಮೇಲೆ ಕೈ ಇಟ್ಟು ಒಂದು ಹೆಜ್ಜೆ ಮುಂದೆ ಬಂದ. "ಇವರೇ ರೀ. ಸಾಕ್ಷಿ ಬೇಕಾದ್ರ ನಾನದೀನಿ."