ಮೆಕ್ಸಿಕೋ ಮತ್ತು ನಮ್ಮೂರಿನ ಗೋಲ್‌ಕೀಪರ್

ಸೋಲನ್ನು ಒಪ್ಪಿಕೊಳ್ಳುವ ವಿದ್ಯೆ ನನಗೆ ಒಲಿದಿಲ್ಲ. ಅದಕ್ಕೇ ಇರಬೇಕು, ಕಣ್ಣಾರೆ ಕಾಣದ ಮೆಕ್ಸಿಕೋ ದೇಶದ ಫುಟ್‌ಬಾಲ್ ತಂಡವೆಂದರೆ ನನಗೆ ಪ್ರಾಣ. ವಿಶ್ವಕಪ್ಪು ಬಂತೆಂದರೆ ಆ ಜನ ಅಗಲವಾದ ಟೋಪಿ ಹಾಕಿಕೊಂಡು, ಈ ಸಲ ನಮ್ಮದೇ ಎಂದು ಹಾಡುತ್ತಾ ಬರುತ್ತಾರೆ. ಚೆನ್ನಾಗಿಯೇ ಆಡಿ, ಸೋತು, ಹಾಡುತ್ತಲೇ ಹೋಗುತ್ತಾರೆ. ಕಪ್ಪಿನ ಆಟವನ್ನು ತಮ್ಮ ನೆಲಕ್ಕೇ ಕರೆದು ಲೋಕಕ್ಕೆಲ್ಲ ಸತ್ಕಾರ ಮಾಡಿದ್ದಾರೆ, ಕಪ್ಪನ್ನು ಮಾತ್ರ ನೆಂಟರೇ ಒಯ್ದಿದ್ದಾರೆ. ಒಮ್ಮೆ ಕೊನೆಗಳಿಗೆಯ ಪೆನಾಲ್ಟಿಯಿಂದ ಸೋತರು. ಅದು ಪೆನಾಲ್ಟಿಯೇ ಅಲ್ಲವೆಂದು ಅಂಗಿಯ ಮೇಲೆ ಅಚ್ಚುಹಾಕಿಸಿಕೊಂಡು ತಿರುಗಿದರಂತೆ. ಎದುರಾಳಿ ಗೆದ್ದ ಎನ್ನುವುದಕ್ಕಿಂತ ರೆಫರಿ ಸೋಲಿಸಿದ ಎಂದರೆ ಅನ್ನ ಗಂಟಲಲ್ಲಿ ಇಳಿಯುತ್ತದೆ. ಇಡೀ ದೇಶವೇ ನನಗೆ ಸೋದರತ್ತೆಯ ಮಕ್ಕಳಂತೆ ಕಂಡಿತು.

ನಮ್ಮದು ಹುಣಸೂರು ತಾಲ್ಲೂಕಿನ ಗುರುಪುರದ ಕಡೆ ಒಂದು ಹಳ್ಳಿ. ನನಗೆ ಹೊಸದಾಗಿ ಮದುವೆಯಾಗಿದ್ದ ಕಾಲದಲ್ಲಿ, ರಾಗಿ ಕುಯ್ಲು ಮುಗಿದ ಹೊಲದಲ್ಲಿ, ಪಕ್ಕದ ಟಿಬೆಟಿಯನ್ ಕ್ಯಾಂಪಿನವರೊಡನೆ ವರ್ಷಕ್ಕೊಂದು ಪಂದ್ಯ. ಬೂದಿಯ ಗೆರೆ, ಬಿದಿರಿನ ಗೋಲು, ನಾನು ಕೀಪರ್. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಆಡಿಸುವುದು ಊರಿಗೇ ಅವಮಾನ. ಆದ್ದರಿಂದ ಆಟಕ್ಕೆ ಮೊದಲೇ ಮುದ್ದೆ, ಕೋಳಿಸಾರು. ನೆಂಟರನ್ನು ಪಂಕ್ತಿಯಲ್ಲಿ ಒಂಟಿಯಾಗಿ ಬಿಡಬಾರದೆಂದು ನಾವೂ ಜೊತೆಗೆ ಕೂರುತ್ತಿದ್ದೆವು. ಅವರು ಮುದ್ದೆಯನ್ನು ಮರ್ಯಾದೆಗೆ ಮುಟ್ಟಿ ಏಳುತ್ತಿದ್ದರು. ನಾವು ಮರ್ಯಾದೆಗೆ ಎರಡೆರಡು ನುಂಗುತ್ತಿದ್ದೆವು. ಬರಿಗಾಲಿಗೆ ಚುಚ್ಚುತ್ತಿದ್ದ ಆ ರಾಗಿ ಕೂಳೆ, ಆ ಸಾರಿನ ಘಮ ಈಗಲೂ ನೆನಪಿದೆ.

ಅಂಥ ಒಂದು ಪಂದ್ಯದ ಕೊನೆಯಲ್ಲಿ ಚೆಂಡು ನೆಲದ ಮೇಲೇ ಮೆಲ್ಲಗೆ ಉರುಳಿ ಬಂತು. ಬಗ್ಗಲು ಹೋದೆ, ಹೊಟ್ಟೆ ಬಿಡಲಿಲ್ಲ. ಕೈಗೆ ಸಿಗುವ ಹೊತ್ತಿಗೆ ಚೆಂಡು ಗೆರೆ ದಾಟಿ ಗೇಣಿನಷ್ಟು ಒಳಗಿತ್ತು. ತುಳಿದಾಟದಲ್ಲಿ ಬೂದಿ ಅಳಿಸಿತ್ತು. ಚೆಂಡನ್ನು ಈಚೆಗೆಳೆದುಕೊಂಡು, ದಾಟಿಲ್ಲವೆಂದು ಆಣೆ ಮಾಡಿದೆ. ಆದರೂ ರೆಫರಿ ಗೋಲು ಕೊಟ್ಟ. ಆ ರೆಫರಿ ನನ್ನ ಹೆಂಡತಿಯ ತಮ್ಮ ಶಿವಣ್ಣ, ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದವನು. ಊರು ನನ್ನನ್ನು ನಂಬಿತು. ಅಕ್ಕನ ಮನೆಯ ಮುದ್ದೆ ತಿಂದು ಭಾವನನ್ನೇ ಸೋಲಿಸಿದ ಎಂದು ಆಡಿಕೊಂಡಿತು. ಆಟವೆಂದರೆ ಜೀವ ಬಿಡುತ್ತಿದ್ದ ಶಿವಣ್ಣ ಮತ್ತೆಂದೂ ವಿಶಲ್ ಮುಟ್ಟಲಿಲ್ಲ. ಅವನ ಮೇಲಿನ ಅಪವಾದ ತೆಗೆಯಲು ನನ್ನದೊಂದು ಮಾತು ಸಾಕಿತ್ತು. ಇಷ್ಟು ವರ್ಷವೂ ನಾನು ಅದನ್ನು ಆಡಲಿಲ್ಲ.

ಮೊನ್ನೆ ಶಿವಣ್ಣ ಬಂದಿದ್ದ. ಬೆಳಗಿನ ಕಾಫಿ ಕುಡಿಯುತ್ತಾ ಮೆಕ್ಸಿಕೋದ ಆ ಹಳೆಯ ಪಂದ್ಯವನ್ನು ಮೊಬೈಲಿನಲ್ಲಿ ಹಾಕಿದೆ. ಪೆನಾಲ್ಟಿ ಕೊಟ್ಟ ರೆಫರಿಯನ್ನು ಬಾಯಿಗೆ ಬಂದಂತೆ ಬೈದೆ. ಶಿವಣ್ಣ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ತಲೆಯೆಲ್ಲ ನರೆತಿತ್ತು ಅವನಿಗೆ. ನನಗೆ ನಾಚಿಕೆಯಾಯಿತು.

"ಅವತ್ತು ಬಾಲು ದಾಟಿತ್ತು ಕಣಪ್ಪ," ಎಂದೆ. "ನಾಳೆ ಹಾಲಿನ ಡೈರಿ ತಾವ ಎಲ್ಲರ ಮುಂದೂ ಯೋಳ್ತೀನಿ."

ಅವನು ನಕ್ಕ. "ಯೋಳಿ ಭಾವ. ನಿಜ ಅಂದ್ರೆ ಆ ಧೂಳಲ್ಲಿ ನಂಗೆ ಬಾಲೇ ಕಾಣ್ಲಿಲ್ಲ. ಆಣೆ ಮಾಡ್ವಾಗ ನಿಮ್ಮ ಮಖ ನೋಡ್ದೆ, ಗೋಲ್ ಕೊಟ್ಟೆ."

ಮೆಕ್ಸಿಕೋದವರಿಗಾದರೂ ಬೈಯಲು ಬೇರೊಬ್ಬ ರೆಫರಿ ಇದ್ದಾನೆ. ನನ್ನನ್ನು ಸೋಲಿಸಿದ್ದು ನನ್ನದೇ ಮುಖ. ಇಷ್ಟು ವರ್ಷ ಅದನ್ನೇ ದಿನಾ ಕನ್ನಡಿಯಲ್ಲಿ ನೋಡಿಕೊಂಡು ಮೀಸೆ ತಿರುವಿದ್ದೇನೆ.